ಧ್ಯೇಯ, ಗುರಿ ಮತ್ತು ಇರುವೆ: ಹಿಂದಿನ ಸುತ್ತೋಲೆಯನ್ನು ವಾಪಸು ಪಡೆಯುವ ಕುರಿತು

ಚಾಕಿ ಹುಳು ಸಾಕಾಣಿಕಾ ಕೇಂದ್ರ, ಕೊಳ್ಳೇಗಾಲ
(ವ್ಯಾಪ್ತಿ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು. ಇಲಾಖೆಯ ಹೆಸರನ್ನು ಮುಜುಗರದ ಕಾರಣ ನಮೂದಿಸಿರುವುದಿಲ್ಲ.)

ಸಂಖ್ಯೆ: ಚಾಕೇ/ಕೊ/ಧ್ಯೇಯ/04/2025-26
ದಿನಾಂಕ: 18-07-2025

ಸುತ್ತೋಲೆ

ವಿಷಯ: ನೌಕರರ ವೈಯಕ್ತಿಕ ಧ್ಯೇಯವನ್ನು ಕೇಂದ್ರದ ಸಾಮೂಹಿಕ ಗುರಿಯೊಂದಿಗೆ ನೂರಕ್ಕೆ ನೂರು ಹೊಂದಿಸಿದ್ದರಿಂದ ಉಂಟಾದ ಪರಿಣಾಮಗಳು ಹಾಗೂ ಹೊಂದಿಸಿದವರ ಮೇಲೆ ಕೈಗೊಳ್ಳುವ ಕ್ರಮ.

ಉಲ್ಲೇಖ:
1. ಮೈಸೂರಿನ ಹೋಟೆಲೊಂದರಲ್ಲಿ ನಡೆದ ನಾಯಕತ್ವ ತರಬೇತಿ, ದಿನಾಂಕ 05 ಮತ್ತು 06-06-2025 (ಊಟ ಚೆನ್ನಾಗಿತ್ತು).
2. ಇದೇ ಕೇಂದ್ರದ ಸುತ್ತೋಲೆ ಸಂಖ್ಯೆ 03, ದಿನಾಂಕ 09-06-2025.
3. ಹಿರಿಯ ಸಾಕಾಣಿಕೆದಾರರಾದ ಶ್ರೀಮತಿ ಭಾಗ್ಯಮ್ಮನವರ ಮೌಖಿಕ ಎಚ್ಚರಿಕೆ, ದಿನಾಂಕ 20-06-2025, ಬೆಳಿಗ್ಗೆ 10.20 (ಕಡೆಗಣಿಸಲಾಗಿತ್ತು).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೇಂದ್ರದ ಅಧಿಕಾರಿಯೂ ಉಲ್ಲೇಖ (2)ರ ಕರ್ತೃವೂ ಆದ ಕೆಳಸಹಿದಾರರು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆಯತಕ್ಕದ್ದೆಂದು ಸಿಬ್ಬಂದಿ ಸಭೆಯಲ್ಲಿ ತೀರ್ಮಾನವಾಗಿರುತ್ತದೆ. ಸಭೆಯಲ್ಲಿ ಐವರು ಹಾಜರಿದ್ದು, ನಾಲ್ವರು ಪರವಾಗಿಯೂ ಕೆಳಸಹಿದಾರರು ತಲೆ ತಗ್ಗಿಸಿಯೂ ಮತ ನೀಡಿರುತ್ತಾರೆ. ಅದರಂತೆ ಈ ಕೆಳಗಿನ ಸಂಗತಿಗಳನ್ನು ಎಲ್ಲರ ಗಮನಕ್ಕೆ ತರಲಾಗಿದೆ.

1. ಈ ಕೇಂದ್ರದಲ್ಲಿ ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು (ಇವೇ ಚಾಕಿ ಹುಳು) ಎಂಟು ದಿನ ಸಾಕಿ, ಎರಡನೇ ಜ್ವರ ಎದ್ದ ಮೇಲೆ ರೈತರ ಮನೆಗೆ ತಲುಪಿಸಲಾಗುತ್ತದೆ. ಜ್ವರವೆಂದರೆ ಹುಳು ಹಳೆಯ ಪೊರೆ ಕಳಚುವ ಮುನ್ನ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುವ ಸ್ಥಿತಿ; ಪೊರೆ ಕಳಚಿ ಮತ್ತೆ ತಿನ್ನಲು ಸಿದ್ಧವಾದಾಗ ಜ್ವರ ಎದ್ದಂತೆ. ಇದಕ್ಕೆ ವೈದ್ಯಕೀಯ ರಜೆ ಅನ್ವಯಿಸುವುದಿಲ್ಲ. ಕಳೆದ ಜೂನ್ ತಿಂಗಳ ಸರದಿಯಲ್ಲಿ ಹದಿನಾಲ್ಕು ಮಂದಿ ರೈತರಿಗೆ ತಲಾ ಹತ್ತು ತಟ್ಟೆಯಂತೆ ನೂರನಲವತ್ತು ತಟ್ಟೆ ಹುಳು ಕೊಡಬೇಕಿತ್ತು. ಸಾಮೂಹಿಕ ಗುರಿ ಎಂದರೆ ಇಷ್ಟೇ. ಇದನ್ನು ಇಪ್ಪತ್ತೆರಡು ವರ್ಷಗಳಿಂದ ಭಾಗ್ಯಮ್ಮನವರು ಯಾವ ಸುತ್ತೋಲೆಯೂ ಇಲ್ಲದೆ ಸಾಧಿಸುತ್ತ ಬಂದಿದ್ದರೆಂಬುದು ಕೆಳಸಹಿದಾರರಿಗೆ ಗೊತ್ತಿತ್ತು. ಗೊತ್ತಿದ್ದೂ ತರಬೇತಿಗೆ ಹೋಗಿದ್ದರು.

2. ತರಬೇತಿಯಲ್ಲಿ ಪರದೆಯ ಮೇಲೆ ಒಂದು ಚಿತ್ರ ತೋರಿಸಲಾಯಿತು. ದೊಡ್ಡ ಬಾಣದೊಳಗೆ ಹತ್ತಾರು ಪುಟ್ಟ ಬಾಣಗಳು. ಮೊದಲ ಚಿತ್ರದಲ್ಲಿ ಪುಟ್ಟ ಬಾಣಗಳು ದಿಕ್ಕಾಪಾಲಾಗಿದ್ದವು. ಎರಡನೆಯದರಲ್ಲಿ ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದವು. ಪ್ರತಿಯೊಬ್ಬ ನೌಕರನ ಮನಸ್ಸಿನ ಧ್ಯೇಯವನ್ನು ಕೇಳಿ ತಿಳಿದುಕೊಂಡು, ಅದು ತಂಡದ ಗುರಿಗೆ ಎಲ್ಲಿ ಕೂಡುತ್ತದೆಂದು ನಾಯಕನಾದವನು ಹುಡುಕಬೇಕೆಂದು ತರಬೇತುದಾರರು ಹೇಳಿದರೆಂದು ಆಮೇಲೆ ತಿಳಿಯಿತು. ಇದರಲ್ಲಿ ‘ಕೇಳಿ’, ‘ತಿಳಿದು’, ‘ಹುಡುಕಿ’ ಎಂಬ ಮೂರು ಪದಗಳನ್ನು ಹೇಳುವಾಗ ಕೆಳಸಹಿದಾರರು ಕಾಫಿ ತರಲು ಹೊರಗೆ ಹೋಗಿದ್ದರು. ವಾಪಸು ಬಂದಾಗ ಬಾಣ ಮಾತ್ರ ಕಾಣುತ್ತಿತ್ತು.

3. ಸೋಮವಾರ ಬಂದವರೇ ಉಲ್ಲೇಖ (2)ರ ಸುತ್ತೋಲೆ ಹೊರಡಿಸಿದರು. ಅದರ ಮುಖ್ಯಾಂಶಗಳನ್ನು ನಾಚಿಕೆಯೊಂದಿಗೆ ಇಲ್ಲಿ ಮತ್ತೆ ನಮೂದಿಸಲಾಗಿದೆ:

ಅ) ಪ್ರತಿಯೊಬ್ಬ ನೌಕರರೂ ತಮ್ಮ ವೈಯಕ್ತಿಕ ಧ್ಯೇಯವನ್ನು ನಮೂನೆ 7ರಲ್ಲಿ ಎಂಟು ಪದಗಳಿಗೆ ಮೀರದಂತೆ ಎರಡು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.
ಆ) ಸದರಿ ಧ್ಯೇಯವು ಸಾಮೂಹಿಕ ಗುರಿಗೆ ಹೊಂದದಿದ್ದಲ್ಲಿ ಧ್ಯೇಯವನ್ನೇ ತಿದ್ದಿಕೊಳ್ಳತಕ್ಕದ್ದು.
ಇ) ಧ್ಯೇಯ ಬದಲಾಗುವ ಸಂಭವವಿದ್ದಲ್ಲಿ ಮೂರು ದಿನ ಮುಂಚಿತವಾಗಿ ಲಿಖಿತವಾಗಿ ತಿಳಿಸತಕ್ಕದ್ದು.
ಈ) ಧ್ಯೇಯಕ್ಕೆ ಸಂಬಂಧಪಡದ ಯಾವುದೇ ಚಟುವಟಿಕೆಯನ್ನು ಕೇಂದ್ರದ ಆವರಣದಲ್ಲಿ ಕೈಗೊಳ್ಳತಕ್ಕದ್ದಲ್ಲ.
ಉ) ಮನೆಗೆ ಹೋಗುವಾಗ ಧ್ಯೇಯವನ್ನು ಕಚೇರಿಯ ಕಪಾಟಿನಲ್ಲಿ ಇರಿಸಿ, ಬೀಗ ಹಾಕಿ ಹೋಗತಕ್ಕದ್ದು.
ಊ) ಹುಳುಗಳು ಹುಟ್ಟಿನಿಂದಲೇ ಒಟ್ಟಾಗಿ ಹಿಪ್ಪುನೇರಳೆ ಸೊಪ್ಪು ತಿನ್ನುವುದರಿಂದ ಅವುಗಳಿಗೆ ನಮೂನೆ 7ರಿಂದ ವಿನಾಯಿತಿ ನೀಡಲಾಗಿದೆ.

4. ಬುಧವಾರದ ಹೊತ್ತಿಗೆ ನಾಲ್ಕು ನಮೂನೆಗಳು ಬಂದವು. ಸಿಬ್ಬಂದಿಯು ಸುಳ್ಳು ಬರೆಯಬಹುದೆಂದು ಕೆಳಸಹಿದಾರರು ನಿರೀಕ್ಷಿಸಿದ್ದರು. ಅವರು ನಿಜ ಬರೆದಿದ್ದರು. ತೊಂದರೆ ಅಲ್ಲಿಂದ ಆರಂಭವಾಯಿತು.

ಅಟೆಂಡರ್ ಪುಟ್ಟಸಿದ್ದಯ್ಯನವರ ಧ್ಯೇಯ: “ಮೂರೂವರೆಗೆ ಟೀ.”
ಗುಮಾಸ್ತೆ ಕು. ಮೇಘನಾ ಅವರ ಧ್ಯೇಯ: “ಪರೀಕ್ಷೆ ಪಾಸಾಗಿ ಇಲ್ಲಿಂದ ಹೋಗುವುದು.”
ವಾಹನ ಚಾಲಕ ಚೌಡೇಶ್ ಅವರ ಧ್ಯೇಯ: “ಬಂಡಳ್ಳಿ ಅಕ್ಕನ ಮನೆ ಮುದ್ದೆ.”
ಭಾಗ್ಯಮ್ಮನವರ ಧ್ಯೇಯ: “ಜ್ವರ ಎದ್ದ ಹುಳಕ್ಕೆ ಮೊದಲ ಸೊಪ್ಪು ನಾನೇ ಹಾಕಬೇಕು.”

5. ನಾಲ್ಕನ್ನೂ ತಿರಸ್ಕರಿಸಲಾಯಿತು. ಪುಟ್ಟಸಿದ್ದಯ್ಯನವರ ಧ್ಯೇಯ ದ್ರವರೂಪದ್ದೆಂದೂ, ಮೇಘನಾ ಅವರದ್ದು ಕೇಂದ್ರದಿಂದ ಹೊರಕ್ಕೆ ಮುಖ ಮಾಡಿದ ಬಾಣವೆಂದೂ, ಚೌಡೇಶ್ ಅವರದ್ದು ಮಾರ್ಗ ಬದಲಾವಣೆಯೆಂದೂ, ಭಾಗ್ಯಮ್ಮನವರದ್ದು ‘ನಾನೇ’ ಎಂಬ ಪದದಿಂದಾಗಿ ತಂಡದ ಮನೋಭಾವಕ್ಕೆ ವಿರುದ್ಧವೆಂದೂ ಕೆಂಪು ಶಾಯಿಯಲ್ಲಿ ಷರಾ ಬರೆಯಲಾಯಿತು. ಶುಕ್ರವಾರ ನಾಲ್ವರೂ ತಿದ್ದಿದ ನಮೂನೆ ಕೊಟ್ಟರು. ನಾಲ್ಕರಲ್ಲೂ ಒಂದೇ ವಾಕ್ಯವಿತ್ತು: “ನೂರನಲವತ್ತು ತಟ್ಟೆ ಹುಳು.” ಹೊಂದಾಣಿಕೆ ನೂರಕ್ಕೆ ನೂರು. ಕೆಳಸಹಿದಾರರು ಅದರ ಫೋಟೋ ತೆಗೆದು ತರಬೇತಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಹನ್ನೊಂದು ಜನ ಹೆಬ್ಬೆರಳು ಒತ್ತಿದರು.

6. ಶನಿವಾರ ಮೊಟ್ಟೆಯೊಡೆದು ಹುಳು ಹೊರಬಂದವು. ಸೋಮವಾರದಿಂದ ಸೊಪ್ಪು ಬಾಡತೊಡಗಿತು. ಧನಗೆರೆಯ ಮಹದೇವು ಎಂದಿನಂತೆ ಬೆಳಿಗ್ಗೆ ಆರಕ್ಕೆ ಎಳೆ ಸೊಪ್ಪಿನ ಮೂಟೆ ತಂದು ಜಗುಲಿಯ ಮೇಲೆ ಇಳಿಸಿ ಹೋಗುತ್ತಿದ್ದರು. ಕೇಂದ್ರದ ಬಾಗಿಲು ತೆರೆಯುತ್ತಿದ್ದುದು ಹತ್ತಕ್ಕೆ. ಹಾಗಾದರೆ ಇಷ್ಟು ವರ್ಷ ಸೊಪ್ಪು ಬಾಡದೆ ಇದ್ದದ್ದು ಹೇಗೆಂದು ವಿಚಾರಿಸಲು ಏಕಸದಸ್ಯ ಸಮಿತಿ ರಚಿಸಲಾಯಿತು. ಸಮಿತಿಯು (ಅಂದರೆ ಕೆಳಸಹಿದಾರರು) ಮೇಘನಾ ಅವರನ್ನು ಕೇಳಿದಾಗ ಅವರು ಹೇಳಿದ್ದು:

“ಸರ್, ಮನೇಲಿ ಓದಕ್ಕೆ ಜಾಗ ಇಲ್ಲ. ಅದಕ್ಕೆ ಆರು ಗಂಟೆಗೇ ಇಲ್ಲಿಗೆ ಬಂದು ಬಾಗಿಲು ತೆಗ್ದು ಓದ್ಕೊತಿದ್ದೆ. ಮಹದೇವಣ್ಣ ಬಂದಾಗ ಮೂಟೆ ಒಳಗೆ ಎಳ್ಕೊಂಡು ಒದ್ದೆ ಬಟ್ಟೆ ಮುಚ್ತಿದ್ದೆ. ಈಗ ಆವರಣದಲ್ಲಿ ಓದೋ ಹಾಗಿಲ್ಲ ಅಂತ ನೀವೇ ಬರ್ದಿದ್ದೀರಲ್ಲ, ಖಂಡಿಕೆ ಈ.”

ಇದನ್ನು ಕೇಳಿದ ಸಮಿತಿಯು ಖಂಡಿಕೆ ಈ-ಯನ್ನು ಅಲ್ಲೇ ಹರಿದುಹಾಕಬೇಕಿತ್ತು. ಬದಲಾಗಿ, ಸೊಪ್ಪು ತನ್ನ ಧ್ಯೇಯದಲ್ಲಿ ದೃಢವಾಗಿ ನಿಲ್ಲುತ್ತಿಲ್ಲವೆಂದು ವರದಿ ನೀಡಿತು. ಭಾಗ್ಯಮ್ಮನವರು ಬಾಡಿದ ಎಲೆಗಳನ್ನು ಆರಿಸಿ ಬಿಸಾಕಿ, ಮಿಕ್ಕದ್ದರಲ್ಲಿ ಹೇಗೋ ಹುಳುಗಳನ್ನು ಮೊದಲ ಜ್ವರ ದಾಟಿಸಿದರು.

7. ದಿನಾಂಕ 20-06-2025, ಶುಕ್ರವಾರ. ಎರಡನೇ ಜ್ವರಕ್ಕೆ ಹುಳು ಕೂತ ದಿನ. ಹೊಸದಾಗಿ ತೆರೆದಿದ್ದ ಧ್ಯೇಯ-ದಾಖಲೆ ಪುಸ್ತಕದಲ್ಲಿ ನಮೂದುಗಳು ಹಿಂದೆ ಬಿದ್ದಿವೆಯೆಂದು ಭಾಗ್ಯಮ್ಮನವರನ್ನು ಹುಳು ಮನೆಯಿಂದ ತೆಗೆದು ಕಚೇರಿ ಕೋಣೆಯಲ್ಲಿ ಬರೆಯಲು ಕೂರಿಸಲಾಗಿತ್ತು. 10.20ಕ್ಕೆ ಅವರು ಪೆನ್ನು ಕೆಳಗಿಟ್ಟು ಕೇಳಿದರು:

“ಸಾ, ಒಂದ್ಸಲ ಒಳಕ್ಕೋಗಿ ಬತ್ತೀನಿ. ಉಳ ಜ್ವರಕ್ಕೆ ಕೂತವೆ. ಯಾಕೋ ಮನ್ಸು ತಡೀತಿಲ್ಲ.”

“ಮೊದಲು ನಮೂದು ಮುಗಿಸಿ ಭಾಗ್ಯಮ್ಮ. ಹುಳು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದು ಕೆಳಸಹಿದಾರರು ಉತ್ತರಿಸಿದರು.

ಹುಳು ಎಲ್ಲಿಗೂ ಓಡಿಹೋಗಲಾರದು ಎಂಬುದೇ ಅಪಾಯವೆಂದು ಅವರಿಗೆ ಹೊಳೆಯಲಿಲ್ಲ.

8. 11.05ಕ್ಕೆ ಕೆಳಸಹಿದಾರರು ಹುಳು ಮನೆಗೆ ಹೋದರು. ಹುಳು ನೋಡಲು ಅಲ್ಲ. ‘ನಮ್ಮೆಲ್ಲರ ಬಾಣ ಒಂದೇ ಕಡೆಗೆ’ ಎಂದು ಅಚ್ಚು ಹಾಕಿಸಿದ್ದ ಫಲಕವನ್ನು ಗೋಡೆಗೆ ತಗುಲಿಸಿ ಫೋಟೋ ತೆಗೆಯಲು. ಮೊಬೈಲಿನಲ್ಲಿ ನೋಡುವಾಗ ಗೋಡೆಯ ಮೇಲೆ ಕಪ್ಪು ಗೆರೆಯೊಂದು ಕಂಡಿತು. ಯಾರೋ ಪೆನ್ಸಿಲಿನಲ್ಲಿ ಗೀಚಿದ್ದಾರೆಂದು ಒರೆಸಲು ಹೋದರು. ಗೆರೆ ನಡೆಯುತ್ತಿತ್ತು.

ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ, ನೆಲದಿಂದ ಸ್ಟ್ಯಾಂಡಿನ ಕಾಲಿಗೆ, ಕಾಲಿನಿಂದ ತಟ್ಟೆಗೆ. ಒಂದರ ಹಿಂದೆ ಒಂದು, ಎಲ್ಲೂ ಸಾಲು ತಪ್ಪದೆ, ಯಾರೂ ಟೀಗೆ ನಿಲ್ಲದೆ, ಯಾರೂ ಅಕ್ಕನ ಮನೆಗೆ ತಿರುಗದೆ, ಒಂದೇ ಗುರಿಯತ್ತ ಸಾವಿರಾರು ಇರುವೆಗಳು ಸಾಗುತ್ತಿದ್ದವು. ತರಬೇತಿಯಲ್ಲಿ ಕಂಡ ಎರಡನೆಯ ಚಿತ್ರವು ಇಡೀ ಕೇಂದ್ರದಲ್ಲಿ ಯಥಾವತ್ತಾಗಿ ಜಾರಿಯಾದದ್ದು ಇದೊಂದು ಕಡೆ ಮಾತ್ರವೆಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

9. ಹುಳು ಮನೆಯಲ್ಲಿ ಹದಿನಾಲ್ಕು ಸ್ಟ್ಯಾಂಡುಗಳಿವೆ. ಪ್ರತಿ ಸ್ಟ್ಯಾಂಡಿಗೆ ನಾಲ್ಕು ಕಾಲು. ಪ್ರತಿ ಕಾಲಿನ ಕೆಳಗೆ, ಇರುವೆ ಹತ್ತದಂತೆ, ನೀರು ತುಂಬಿದ ಬಟ್ಟಲು. ಐವತ್ತಾರು ಬಟ್ಟಲುಗಳೂ ಅಂದು ಒಣಗಿದ್ದವು. ಅವುಗಳಿಗೆ ನೀರು ಹಾಕುವ ಕೆಲಸ ಯಾರದ್ದೆಂದು ಕೇಂದ್ರದ ಯಾವ ಕಡತದಲ್ಲೂ ಇರಲಿಲ್ಲ. ಪುಟ್ಟಸಿದ್ದಯ್ಯನವರನ್ನು ಕರೆದು ಕೇಳಿದಾಗ ಅವರು ಕೊಟ್ಟ ಹೇಳಿಕೆ ಇಂತಿದೆ:

“ನಾನೇ ಉಯ್ತಿದ್ದೆ ಸಾ. ಟೀ ಕಾಯ್ಸಕೆ ನಲ್ಲಿ ತಾವ್ಕೆ ಓಯ್ತಿದ್ನಲ್ಲ, ಬರುವಾಗ ಬಕೀಟಲ್ಲಿ ನೀರ್ ತಕಂಡ್ ಬಂದು ಬಟ್ಲಿಗೆಲ್ಲಾ ಉಯ್ದು, ಆಮೇಕೆ ಟೀ ಕುಡೀತಿದ್ದೆ. ನೀವು ಟೀ ಬ್ಯಾಡ ಅಂದ್ರಿ. ನಲ್ಲಿ ತಾವ್ಕೆ ಓಗದ್ ನಿಂತೋಯ್ತು.”

“ಅದನ್ನು ನಮೂನೆಯಲ್ಲಿ ಬರೆಯಬಾರದಿತ್ತೇ?”

“ಅದು ಧ್ಯೇಯ ಅಂತ ನಂಗೆ ಗೊತ್ತಿರ್ನಿಲ್ಲ ಸಾ. ಅದು ನೀರು.”

10. ಅಷ್ಟರಲ್ಲಿ ಭಾಗ್ಯಮ್ಮನವರು ಅನುಮತಿ ಕೇಳದೆ ಒಳಗೆ ಬಂದಿದ್ದರು. ಮೊದಲ ತಟ್ಟೆಯತ್ತ ಬಾಗಿ ನೋಡಿದರು. ಜ್ವರಕ್ಕೆ ಕೂತ ಹುಳುಗಳು ತಲೆಯೆತ್ತಿಕೊಂಡೇ ಇದ್ದವು. ಇರುವೆ ಕಚ್ಚಿದರೂ ಅವು ಸರಿಯಲಾರವು. ಭಾಗ್ಯಮ್ಮನವರ ಬಾಯಿಂದ “ಅಯ್ಯೋ ನನ್ ಕೂಸ್ಗಳಾ” ಎಂಬ ಮೂರೇ ಮೂರು ಮಾತು ಬಂತು. ಆಮೇಲೆ ಅವರು ಸೆರಗು ಬಿಗಿದರು. ನಂತರದ ಆಜ್ಞೆಗಳು ಯಾವುದೇ ಕಡತ ಸಂಖ್ಯೆಯಿಲ್ಲದೆ ಹೊರಬಿದ್ದವು:

“ಮೇಘನಾ, ಆ ಕಡೆ ಇಡ್ಕೊ, ಅಲುಗಾಡಿಸ್ಬ್ಯಾಡ, ಜ್ವರದ್ ಉಳ. ಚೌಡೇಶಾ, ಕಿಟ್ಕಿ ತಾವು ಸಾಲು ಮುರಿ. ಸಿದ್ದಯ್ಯಣ್ಣ, ನೀರು. ಸಾ, ನೀವು ಬಾಗ್ಲಿಗೆ ಅಡ್ಡ ನಿಂತ್ಕಬ್ಯಾಡಿ. ಬಕೀಟು ಇಡೀರಿ.”

ಕೆಳಸಹಿದಾರರು ಬಕೆಟ್ಟು ಹಿಡಿದರು. ನಲ್ಲಿಯಿಂದ ಹುಳು ಮನೆಗೆ ಮೂವತ್ತೆಂಟು ಹೆಜ್ಜೆ. ಎಷ್ಟು ಸಲ ಓಡಾಡಿದರೆಂಬ ಲೆಕ್ಕವಿಲ್ಲ. ಗೋಡೆ ಬದಿಯ ಮೂರು ಸ್ಟ್ಯಾಂಡುಗಳ ತಟ್ಟೆಗಳನ್ನು ಒಂದೊಂದಾಗಿ ಹೊರಗಿನ ನೆರಳಿಗೆ ತಂದು, ಕೋಳಿ ಪುಕ್ಕದಲ್ಲಿ ಇರುವೆಗಳನ್ನು ಮಾತ್ರ ತಳ್ಳಿ, ಬದುಕಿದ ಹುಳುಗಳನ್ನು ಬೇರೆ ತಟ್ಟೆಗೆ ಸೇರಿಸುವ ಕೆಲಸ ಮಧ್ಯಾಹ್ನದವರೆಗೂ ನಡೆಯಿತು. ಮೇಘನಾ ಅವರ ಬೆರಳುಗಳೆಲ್ಲ ಇರುವೆ ಕಚ್ಚಿ ಊದಿಕೊಂಡವು. ಯಾರೂ ಊಟಕ್ಕೆ ಏಳಲಿಲ್ಲ. ಈ ಅವಧಿಯಲ್ಲಿ ಯಾರ ಧ್ಯೇಯ ಏನಾಗಿತ್ತೆಂದು ದಾಖಲಿಸಲು ಯಾರಿಗೂ ನೆನಪಾಗಲಿಲ್ಲ.

11. ಎಲ್ಲ ಮುಗಿದಾಗ ಹತ್ತು ತಟ್ಟೆ ಖಾಲಿ ಉಳಿದವು. ಒಬ್ಬ ರೈತರ ಪೂರ್ತಿ ಪಾಲು. ಭಾಗ್ಯಮ್ಮನವರು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅವರು ಬೈದಿದ್ದರೆ ಕೆಳಸಹಿದಾರರಿಗೆ ಸುಲಭವಾಗುತ್ತಿತ್ತು. ಅವರು ಬೈಯಲಿಲ್ಲ. ಕೆಳಸಹಿದಾರರು ಪಕ್ಕದಲ್ಲಿ ಕೂತು, “ತಪ್ಪಾಯಿತು ಭಾಗ್ಯಮ್ಮ. ಬೆಳಿಗ್ಗೆ ನಿಮ್ಮ ಮಾತು ಕೇಳಬೇಕಿತ್ತು” ಎಂದರು. ಈ ಹೇಳಿಕೆಯನ್ನು ಯಾವುದೇ ಒತ್ತಡವಿಲ್ಲದೆ ನೀಡಲಾಗಿದೆ.

“ತಪ್ಪಾಯ್ತು ಅನ್ನದು ನಂಗಲ್ಲ ಸಾ,” ಎಂದರು ಭಾಗ್ಯಮ್ಮ. “ಕಡೇ ಮನೆ ಯಾರ್ದು, ಅವ್ರಿಗೇಳಿ.”

ಹುಳು ಹಂಚುವ ಪಟ್ಟಿಯಲ್ಲಿ ಕಡೆಯ ಹೆಸರು ಕೌದಳ್ಳಿಯ ಶಿವನಂಜಮ್ಮನವರದ್ದು. ಹದಿನೈದು ವರ್ಷ ಬೇರೆಯವರ ಹುಳು ಮನೆಗಳಲ್ಲಿ ಕೂಲಿ ಮಾಡಿ, ಈ ವರ್ಷ ತಮ್ಮದೇ ಮನೆಯ ಹಿಂದೆ ಹುಳು ಮನೆ ಕಟ್ಟಿಸಿಕೊಂಡವರು. ಇದು ಅವರ ಮೊದಲ ಸ್ವಂತ ಬೆಳೆ. ಸೊಪ್ಪು ಹದಕ್ಕೆ ಬಂದಿದೆ, ಬಲಿತು ಹೋಗುವ ಮೊದಲು ಹುಳು ಕಳಿಸಿ ಎಂದು ಆ ವಾರದಲ್ಲಿ ಅವರು ಎರಡು ಸಲ ಫೋನು ಮಾಡಿದ್ದರು. ಎರಡು ಸಲವೂ ಕೆಳಸಹಿದಾರರು, ನೂರಕ್ಕೆ ನೂರು ಬರುತ್ತದೆ ಎಂದಿದ್ದರು.

12. ಭಾನುವಾರ ಬೆಳಿಗ್ಗೆ ಹುಳು ಜ್ವರ ಎದ್ದವು. ಮೇಘನಾ ಆರು ಗಂಟೆಗೇ ಪುಸ್ತಕದೊಂದಿಗೆ ಬಂದು ಸೊಪ್ಪು ಒಳಗಿಟ್ಟಿದ್ದರು. ಭಾಗ್ಯಮ್ಮನವರು ಎಲೆಗಳನ್ನು ಸಣ್ಣಗೆ ಹೆಚ್ಚಿ, ಹಿಡಿಯಲ್ಲಿ ತೆಗೆದುಕೊಂಡು, ತಟ್ಟೆಯ ಮೇಲೆ ಉದುರಿಸಿದರು. ಎರಡು ದಿನ ಕಲ್ಲಿನಂತೆ ಕೂತಿದ್ದ ಹುಳುಗಳು ಒಂದೊಂದಾಗಿ ತಲೆ ಹೊರಳಿಸಿ ಎಲೆಯ ಕಡೆ ಹರಿದು ಬಂದವು. ಆಗ ಭಾಗ್ಯಮ್ಮನವರ ಮುಖದಲ್ಲಿ ಕಂಡದ್ದನ್ನು ಎಂಟು ಪದಗಳಿಗೆ ಮೀರದಂತೆ ಬರೆಯಲು ಕೆಳಸಹಿದಾರರಿಗೆ ಸಾಧ್ಯವಾಗಿಲ್ಲ. ತಮ್ಮ ಕಣ್ಣು ತುಂಬಿದ್ದು ಹುಳುವಿಗೆ ಹಾಕಿದ್ದ ಸುಣ್ಣದ ಪುಡಿಯಿಂದ ಎಂದು ಅವರು ತಿಳಿಸಿರುತ್ತಾರೆ. ಭಾಗ್ಯಮ್ಮನವರು ಅದನ್ನು ಒಪ್ಪಿರುವುದಿಲ್ಲ.

13. ಹುಳು ಹಂಚಲು ಹೊರಟಾಗ ಭಾಗ್ಯಮ್ಮನವರೂ ಗಾಡಿ ಹತ್ತಿದರು. ಪ್ರತಿ ರೈತರ ಹತ್ತು ತಟ್ಟೆಯಲ್ಲಿ ಒಂದೊಂದನ್ನು ಶಿವನಂಜಮ್ಮನವರಿಗೆ ಬಿಟ್ಟುಕೊಡಿರೆಂದು ಕೇಳುವುದು ಅವರ ಯೋಜನೆ. ಕೇಳಬೇಕಾದವರು ಕೆಳಸಹಿದಾರರು. ಯಳಂದೂರು ಕಡೆಯ ಮೊದಲ ಮನೆಯಲ್ಲೇ ಚನ್ನಬಸವ ಎಂಬ ರೈತರು ಅಡ್ಡ ನಿಂತರು:

“ನಿಮ್ ಸರ್ಕ್ಯುಲರ್‌ಗೆ ನಮ್ ಉಳ ಯಾಕ್ ಸಾ ಕಮ್ಮಿ ಆಗ್ಬೇಕು? ನಾನೇನ್ ಟೀ ನಿಲ್ಸಿದ್ನಾ?”

ಸುದ್ದಿ ಗಾಡಿಗಿಂತ ಮುಂಚೆ ಯಳಂದೂರು ತಲುಪಿತ್ತು. ಹತ್ತೂ ತಟ್ಟೆ ಇಳಿಸಿಕೊಟ್ಟು ಮುಂದೆ ಹೋದರು. ಅಂತೂ ಹದಿಮೂರು ಮನೆಗಳಲ್ಲಿ ಏಳು ಮನೆಯವರು ಒಂದೊಂದು ತಟ್ಟೆ ಬಿಟ್ಟುಕೊಟ್ಟರು. ಆರು ಮನೆಯವರು ಕೊಡಲಿಲ್ಲ. ಅವರಲ್ಲಿ ಒಬ್ಬರು ಮಜ್ಜಿಗೆ ಕೊಟ್ಟರು.

ಹನೂರು ದಾರಿಯಲ್ಲಿ ಬಿಸಿಲು ಏರಿತು. ಬಂಡಳ್ಳಿ ಹತ್ತಿರವಾದಾಗ ಚೌಡೇಶ್ ಗಾಡಿ ನಿಧಾನ ಮಾಡಿ, ಕನ್ನಡಿಯಲ್ಲಿ ಕೆಳಸಹಿದಾರರ ಮುಖ ನೋಡಿದರು. “ತಿರುಗಿಸಿ” ಎಂದು ಆದೇಶಿಸಲಾಯಿತು. ಅಕ್ಕನ ಮನೆ ಮುಂದಿನ ಹುಣಸೆಮರದ ನೆರಳಲ್ಲಿ ತಟ್ಟೆಗಳಿಗೆ ಗಾಳಿ ಆಡಿತು. ಈ ಗಾಡಿ ಇಷ್ಟು ವರ್ಷ ನಡು ಮಧ್ಯಾಹ್ನ ನಿಲ್ಲುತ್ತಿದ್ದುದು ಇಲ್ಲೇ, ಹುಳು ಬಿಸಿಲಿಗೆ ಬಾಡದೆ ತಲುಪುತ್ತಿದ್ದುದೂ ಅದರಿಂದಲೇ ಎಂದು ತಿಳಿದುಬಂತು. ಕೆಳಸಹಿದಾರರು ಎರಡು ಮುದ್ದೆ ಉಂಡರು. ಸೊಪ್ಪಿನ ಸಾರು ಧ್ಯೇಯಕ್ಕೆ ತಕ್ಕಂತೆಯೇ ಇತ್ತು.

14. ಕೌದಳ್ಳಿಯಲ್ಲಿ ಶಿವನಂಜಮ್ಮನವರು ಹುಳು ಮನೆಯ ಬಾಗಿಲು ತೆರೆದಿಟ್ಟು ನಿಂತಿದ್ದರು. ಹೊಸ ಸುಣ್ಣದ ಗೋಡೆ, ತೊಳೆದ ನೆಲ, ಹತ್ತು ತಟ್ಟೆಗೆ ಹತ್ತು ಜಾಗ. ಗಾಡಿಯಿಂದ ಏಳು ತಟ್ಟೆ ಇಳಿದ ಮೇಲೆ ಅವರು ಗಾಡಿಯೊಳಗೆ ಬಗ್ಗಿ ನೋಡಿದರು.

“ಇನ್ ಮೂರು?”

“ಇರುವೆ ತಿಂದವು ಶಿವನಂಜಮ್ಮ.”

“ಇರುವೆಗೆ ನೀರಿಟ್ಟಿರ್ನಿಲ್ವಾ ಸಾ? ನನ್ನಂತೋಳ್ಗೂ ಗೊತ್ತು ಅದು.”

ತಾಂತ್ರಿಕ ಕಾರಣಗಳಿಂದ ಎಂದು ಹೇಳಲು ಕೆಳಸಹಿದಾರರು ಬಾಯಿ ತೆರೆದರು. ಭಾಗ್ಯಮ್ಮನವರು ಅವರ ಮುಖವನ್ನೇ ನೋಡುತ್ತಿದ್ದರು. ಆದ್ದರಿಂದ ನಿಜ ಹೇಳಲಾಯಿತು: ಬಾಣ, ನಮೂನೆ 7, ಟೀ, ಒಣಗಿದ ಬಟ್ಟಲು, 10.20ರ ಮಾತು, ಎಲ್ಲವನ್ನೂ. ಶಿವನಂಜಮ್ಮನವರು ಕೊನೆಯವರೆಗೂ ಕೇಳಿದರು. ಹಿಂದಿನ ತೋಟದಲ್ಲಿ ಸೊಪ್ಪು ಎದೆಮಟ್ಟ ನಿಂತಿತ್ತು. ಅದರ ಕಡೆ ಕೈ ತೋರಿಸಿ ಹೇಳಿದರು:

“ಅಂಗಾರೆ ಮಿಕ್ಕಿದ್ ಸೊಪ್ಪ ಕುಯ್ಕಂಡೋಗಿ ಸಾ. ಆ ನಿಮ್ ಸರ್ಕ್ಯುಲರ್‌ಗೆ ಆಕಿ. ತಿಂತದಾ ನೋಡವ.”

ಇಪ್ಪತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಕೆಳಸಹಿದಾರರಿಗೆ ಮೂರು ಕಾರಣ ಕೇಳುವ ನೋಟಿಸುಗಳು ಬಂದಿವೆ. ಮೂರಕ್ಕೂ ಸಮಜಾಯಿಷಿ ಕೊಟ್ಟಿದ್ದಾರೆ. ಈ ಸಲ ಗಾಡಿಯ ಬಾಗಿಲು ಮುಚ್ಚಿ ಬಿಸಿಲಲ್ಲೇ ನಿಂತರು. ಭಾಗ್ಯಮ್ಮನವರು ಮಾತ್ರ ಒಳಗೆ ಹೋಗಿ, ಶಿವನಂಜಮ್ಮನವರ ಜೊತೆ ಕೂತು ಏಳು ತಟ್ಟೆಗೂ ಸೊಪ್ಪು ಹಾಕಿ, ಬಟ್ಟಲುಗಳಲ್ಲಿ ನೀರಿದೆಯೇ ಎಂದು ಒಂದೊಂದನ್ನೂ ಬೆರಳದ್ದಿ ನೋಡಿ ಬಂದರು.

15. ಮೇಲ್ಕಂಡ ಕಾರಣಗಳಿಂದಾಗಿ ಈ ಕೆಳಕಂಡಂತೆ ಆದೇಶಿಸಲಾಗಿದೆ:

ಅ) ಸುತ್ತೋಲೆ ಸಂಖ್ಯೆ 03ನ್ನು ಹುಟ್ಟಿದ ದಿನದಿಂದಲೇ ಜಾರಿಗೆ ಬರುವಂತೆ ಹಿಂಪಡೆಯಲಾಗಿದೆ.

ಆ) ಮೂರೂವರೆಯ ಟೀಯನ್ನು ಮರುಸ್ಥಾಪಿಸಲಾಗಿದೆ. ಪುಟ್ಟಸಿದ್ದಯ್ಯನವರು ರಜೆಯಲ್ಲಿದ್ದ ದಿನ ಕೆಳಸಹಿದಾರರು ಬಟ್ಟಲುಗಳಿಗೆ ನೀರು ಹಾಕತಕ್ಕದ್ದು. ಐವತ್ತಾರನೆಯ ಬಟ್ಟಲು ತುಂಬುವವರೆಗೆ ಅವರಿಗೆ ಟೀ ಕೊಡತಕ್ಕದ್ದಲ್ಲ.

ಇ) ಮೇಘನಾ ಅವರು ಬೆಳಿಗ್ಗೆ ಆರರಿಂದ ಓದಲು ಅನುವಾಗುವಂತೆ ಹೊಸ ಟ್ಯೂಬ್‌ಲೈಟ್ ಹಾಕಿಸಲಾಗಿದೆ. ಅವರು ಪರೀಕ್ಷೆ ಪಾಸಾಗಿ ಇಲ್ಲಿಂದ ಹೋಗಲೆಂದು ಕೇಂದ್ರವು ಸಾಮೂಹಿಕವಾಗಿ ಹಾರೈಸತಕ್ಕದ್ದು. ಹಾರೈಸುವಾಗ ಯಾರೂ ನಿಟ್ಟುಸಿರು ಬಿಡತಕ್ಕದ್ದಲ್ಲ.

ಈ) ಬಂಡಳ್ಳಿಯ ಹುಣಸೆಮರವನ್ನು ಕೇಂದ್ರದ ಅಧಿಕೃತ ತಂಪು ತಾಣವೆಂದು ಘೋಷಿಸಲಾಗಿದೆ. ಅಲ್ಲಿ ಮುದ್ದೆ ನಿರಾಕರಿಸುವವರು ಲಿಖಿತ ಕಾರಣ ನೀಡತಕ್ಕದ್ದು.

ಉ) ಜ್ವರ ಎದ್ದ ಹುಳುವಿಗೆ ಮೊದಲ ಸೊಪ್ಪು ಭಾಗ್ಯಮ್ಮನವರೇ ಹಾಕತಕ್ಕದ್ದು. ‘ನಾನೇ’ ಎಂಬ ಪದದ ಮೇಲಿನ ನಿಷೇಧವನ್ನು ತೆಗೆಯಲಾಗಿದೆ.

ಊ) ಹುಳು ಮನೆಗೆ ಹೋಗುವವರು ಬಾಗಿಲಲ್ಲಿರುವ ಔಷಧಿ ನೀರಿನಲ್ಲಿ ಕಾಲು ಅದ್ದಿ ಹೋಗುವ ಪದ್ಧತಿಯಿದೆ. ಇನ್ನು ಮುಂದೆ ಯಾವುದೇ ನಾಯಕತ್ವ ತರಬೇತಿಯಿಂದ ಬಂದವರು ತಲೆಯನ್ನೂ ಅದ್ದತಕ್ಕದ್ದು. ತರಬೇತಿಯಲ್ಲಿ ಕೊಟ್ಟ ಬ್ಯಾಗನ್ನು ಏಳು ದಿನ ಬಿಸಿಲಿನಲ್ಲಿ ಒಣಗಿಸಿದ ನಂತರವೇ ತೆರೆಯತಕ್ಕದ್ದು.

ಋ) ಸಾಲಾಗಿ, ಶಿಸ್ತಿನಿಂದ, ಒಂದೇ ಗುರಿಯತ್ತ ಸಾಗುವ ಯಾರನ್ನೇ ಆವರಣದಲ್ಲಿ ಕಂಡಲ್ಲಿ ಮೊದಲು ಬಟ್ಟಲಲ್ಲಿ ನೀರಿದೆಯೇ ಎಂದು ನೋಡತಕ್ಕದ್ದು.

16. ಹೆಚ್ಚುವರಿ ಟಿಪ್ಪಣಿ: ಈ ಸುತ್ತೋಲೆಯನ್ನು ಬೆರಳಚ್ಚು ಮಾಡುತ್ತಿರುವಾಗ, ಇಂದು ಮಧ್ಯಾಹ್ನ, ಶಿವನಂಜಮ್ಮನವರು ಗೂಡು ಮಾರಲು ಕೊಳ್ಳೇಗಾಲಕ್ಕೆ ಬಂದವರು ಕೇಂದ್ರಕ್ಕೂ ಬಂದರು. ಏಳು ತಟ್ಟೆಯ ಗೂಡು ಎರಡು ಚೀಲದಲ್ಲಿತ್ತು. ಒಂದು ಚೀಲದ ಬಾಯಿ ಬಿಚ್ಚಿ, ಕೈತುಂಬ ಗೂಡು ತೆಗೆದು ಭಾಗ್ಯಮ್ಮನವರ ಮಡಿಲಿಗೆ ಹಾಕಿದರು. ಗಟ್ಟಿ ಗೂಡು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕಟಕಟ ಎನ್ನುತ್ತಿತ್ತು.

ಕೆಳಸಹಿದಾರರು ಎದ್ದು ನಿಂತು, ಮುಂದಿನ ಬೆಳೆಗೆ ಹತ್ತು ತಟ್ಟೆಯನ್ನು ಖಂಡಿತವಾಗಿ ಕೊಡುವುದಾಗಿ ಹೇಳಿ, ಬೇಕಾದರೆ ಬರೆದುಕೊಡುವೆನೆಂದು ಪೆನ್ನು ತೆಗೆದರು.

“ನೀವು ಬರೀಬ್ಯಾಡಿ ಸಾ” ಎಂದರು ಶಿವನಂಜಮ್ಮ. “ಭಾಗ್ಯಕ್ಕ, ನೀನೇಳು. ಬತ್ತದಾ?”

“ಬತ್ತದೆ ಕಣವ್ವ” ಎಂದರು ಭಾಗ್ಯಮ್ಮ.

ಶಿವನಂಜಮ್ಮನವರು ತಲೆಯಾಡಿಸಿ, ಚೀಲದ ಬಾಯಿ ಕಟ್ಟಿದರು. ಕೆಳಸಹಿದಾರರು ಪೆನ್ನನ್ನು ಜೇಬಿಗೆ ಇಟ್ಟುಕೊಂಡು, ಒಂದು ಚೀಲವನ್ನು ಹೆಗಲಿಗೆ ಏರಿಸಿ, ಗೂಡಿನ ಮಾರ್ಕೆಟ್ಟಿನವರೆಗೆ ಅವರ ಹಿಂದೆ ನಡೆದುಹೋದರು. ಈ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಲಾಗಿದೆ.

ಸಹಿ/-
(ಶಿವಕುಮಾರಸ್ವಾಮಿ)
ಕೇಂದ್ರಾಧಿಕಾರಿ, ಹಾಗೂ ಬಕೆಟ್ ಪ್ರಭಾರ

ಪ್ರತಿಗಳು:

1. ಶ್ರೀಮತಿ ಭಾಗ್ಯಮ್ಮ, ಹಿರಿಯ ಸಾಕಾಣಿಕೆದಾರರು: ಮಾಹಿತಿಗಾಗಿ ಅಲ್ಲ, ಅನುಮೋದನೆಗಾಗಿ.
2. ಶ್ರೀ ಪುಟ್ಟಸಿದ್ದಯ್ಯ, ಅಟೆಂಡರ್: ಓದಿ ಹೇಳಲಾಗಿದೆ. ಖಂಡಿಕೆ 9 ಮುಗಿದ ಮೇಲೆ ಟೀ ಹೊತ್ತಾಯಿತೆಂದು ಎದ್ದು ಹೋಗಿರುತ್ತಾರೆ.
3. ಕು. ಮೇಘನಾ, ಗುಮಾಸ್ತೆ: ಬೆರಳಚ್ಚು ಮಾಡಿದವರು ಇವರೇ ಆದ್ದರಿಂದ ಪ್ರತ್ಯೇಕ ಪ್ರತಿ ಇಲ್ಲ. ಕೆಳಸಹಿದಾರರ ಹದಿನೇಳು ಕಾಗುಣಿತ ತಪ್ಪುಗಳನ್ನು ತಿದ್ದಿರುತ್ತಾರೆ.
4. ಶ್ರೀ ಚೌಡೇಶ್, ವಾಹನ ಚಾಲಕರು: ಬಂಡಳ್ಳಿಯ ಅಕ್ಕನವರಿಗೂ ಒಂದು ಪ್ರತಿ ತಲುಪಿಸುವುದು.
5. ತಟ್ಟೆ ಬಿಟ್ಟುಕೊಟ್ಟ ಏಳು ಮಂದಿ ರೈತರಿಗೆ: ವಂದನೆಗಳೊಂದಿಗೆ.
6. ಬಿಟ್ಟುಕೊಡದ ಆರು ಮಂದಿ ರೈತರಿಗೆ: ಅವರು ಮಾಡಿದ್ದೂ ಸರಿ ಎಂಬ ಷರಾದೊಂದಿಗೆ.
7. ನಾಯಕತ್ವ ತರಬೇತುದಾರರಿಗೆ: ತಾವು ಹೇಳಿದ್ದು ಸರಿಯಿತ್ತು, ಕೇಳಿದವರು ಕಾಫಿಗೆ ಹೋಗಿದ್ದರು ಎಂಬ ಕ್ಷಮಾಪಣೆಯೊಂದಿಗೆ.
8. ಶ್ರೀಮತಿ ಶಿವನಂಜಮ್ಮ, ಕೌದಳ್ಳಿ: ಪ್ರತಿ ಕಳಿಸಿಲ್ಲ. ಕಾಗದ ಬೇಡ, ಹುಳು ಸಾಕು ಎಂದು ತಿಳಿಸಿರುತ್ತಾರೆ.